ಎಂಟಾಣೆಯ ಲೆಕ್ಕ ಯಾರ ತಲೆಗೆ?

2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತು, ಶಾಂಪೂ ಮುಂತಾದ ದಿನಬಳಕೆಯ ಸಾಮಾನುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಐದು ರೂಪಾಯಿಯ ಬಿಸ್ಕತ್ ಪೊಟ್ಟಣ 4 ರೂಪಾಯಿ 45 ಪೈಸೆಗೆ ಸಿಗಬೇಕು, ಎರಡು ರೂಪಾಯಿಯ ಶಾಂಪೂ ಪ್ಯಾಕೆಟ್ 1 ರೂಪಾಯಿ 78 ಪೈಸೆಗೆ. ಕೆಲವು ಕಂಪನಿಗಳು ಹೆಚ್ಚುಕಡಿಮೆ ಇಂಥ ಬೆಲೆಗಳನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದವು ಕೂಡ. ಆದರೆ ಆ ಬೆಲೆಯನ್ನು ಎಣಿಸಿ ಕೈಗಿಡಲು ಈ ದೇಶದಲ್ಲಿ ನಾಣ್ಯವೇ ಇಲ್ಲ. ಮೊಬೈಲ್ ಹಿಡಿದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದವನು 4 ರೂಪಾಯಿ 45 ಪೈಸೆಯನ್ನೇ ಕೊಟ್ಟು ಹೋಗಬಹುದು. ಐದರ ನಾಣ್ಯ ಕೊಟ್ಟ ಅಜ್ಜಿಗೆ ಉಳಿದ 55 ಪೈಸೆ ವಾಪಸ್ ಬರುವುದಿಲ್ಲ. ಸರ್ಕಾರ ಬಿಟ್ಟುಕೊಟ್ಟ ತೆರಿಗೆ ಅವಳವರೆಗೆ ಬಂದು, ಅಂಗಡಿಯ ಗಲ್ಲಾದ ಮುಂದೆ ನಿಂತುಬಿಡುತ್ತದೆ. ಮುಂದೆ ಕೆಲವು ಕಂಪನಿಗಳು ಬೆಲೆಯನ್ನು ಹಳೆಯ ಐದಕ್ಕೇ ಉಳಿಸಿಕೊಂಡು ಬಿಸ್ಕತ್ತಿನ ತೂಕ ಹೆಚ್ಚಿಸುವ ದಾರಿ ಹಿಡಿದವು. ಆಗಿದ್ದ ಪರಿಸ್ಥಿತಿಯಲ್ಲಿ ಅದೇ ನ್ಯಾಯವಾದ ದಾರಿ. ಆದರೆ ತೂಕ ಹೆಚ್ಚಿಸಬೇಕೋ ಬೇಡವೋ ಎನ್ನುವುದು ಕಂಪನಿಯ ಮರ್ಜಿ, ಕೊಳ್ಳುವವರ ಹಕ್ಕಲ್ಲ.

ಸಣ್ಣ ಮುಖಬೆಲೆಯ ನಾಣ್ಯಗಳನ್ನು ಸರ್ಕಾರ ಟಂಕಿಸುವುದನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಖರ್ಚಿನ ಪ್ರಶ್ನೆಯಾಗಿಯೇ ಎತ್ತುತ್ತಾರೆ: ಇಷ್ಟು ಬೆಲೆಯ ನಾಣ್ಯ ಮಾಡಲು ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆಯಲ್ಲ, ಇದು ನಷ್ಟದ ಬಾಬತ್ತಲ್ಲವೇ ಎಂದು. ಆ ಲೆಕ್ಕ ಮುಖ್ಯ ಲೆಕ್ಕವಲ್ಲ ಎಂಬುದು ನನ್ನ ವಾದ. ನಾಣ್ಯವೊಂದು ಇಲ್ಲವಾದಾಗ ಅದರ ಕೆಳಗಿನ ಪುಡಿಗಾಸು ಯಾರ ಕಿಸೆಗೆ ಹೋಗುತ್ತದೆ ಎನ್ನುವುದು ಮುಖ್ಯ. ನಮ್ಮಲ್ಲಿ 50 ಪೈಸೆ ಕಾನೂನಿನಲ್ಲಿ ಇಂದಿಗೂ ಜೀವಂತವಾಗಿದೆ, ಬೀದಿಯಲ್ಲಿ ಸತ್ತು ವರ್ಷಗಳಾಗಿವೆ. ಈ ಎರಡರ ನಡುವಿನ ಮೌನದಲ್ಲಿ ನಷ್ಟ ಯಾವಾಗಲೂ ನಗದು ಕೊಡುವವನ ತಲೆಗೇ ಬೀಳುತ್ತಿದೆ. ಆದ್ದರಿಂದ ಎಂಟಾಣೆಯನ್ನು ಸರ್ಕಾರ ಬಾಯಿಬಿಟ್ಟು ಹೇಳಿಯೇ ನಿಲ್ಲಿಸಬೇಕು. ಹಾಗೆ ನಿಲ್ಲಿಸುವ ಮೊದಲು, ಬಿಲ್ಲಿನ ಪೈಸೆಯನ್ನು ಯಾವ ಕಡೆಗೆ ಸರಿಹೊಂದಿಸಬೇಕು ಎಂಬ ನಿಯಮವನ್ನು ಕಾನೂನಿನಲ್ಲಿ ಬರೆದಿಡಬೇಕು.

ನಾಣ್ಯಗಳು ಕರಗಿಹೋಗುವ ಕಥೆಯನ್ನು ನೋಡಲು ಪುಸ್ತಕ ಬೇಕಿಲ್ಲ, ತಕ್ಕಡಿ ಸಾಕು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ದಶಮಾಂಶ ಪದ್ಧತಿ ಬಂದ ನಂತರದ ನಿಕ್ಕಲ್ ರೂಪಾಯಿ 10 ಗ್ರಾಂಗೆ ಇಳಿಯಿತು. 1975ರ ನಂತರದ ತಾಮ್ರ-ನಿಕ್ಕಲ್ ರೂಪಾಯಿ 8 ಗ್ರಾಂ ಇತ್ತು, ಎಂಬತ್ತರ ದಶಕದಲ್ಲಿ 6 ಗ್ರಾಂ ಆಯಿತು. 1992ರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಂದಾಗ ಅದು 4.85 ಗ್ರಾಂ. 2011ರ ಸರಣಿಯಲ್ಲಿ 3.79 ಗ್ರಾಂ, 2019ರ ಸರಣಿಯಲ್ಲಿ 3.09 ಗ್ರಾಂ. ಹಳೆಯ ಸ್ಟೀಲ್ ಎಂಟಾಣೆ ಮನೆಯ ಡಬ್ಬಿಯಲ್ಲಿ ಉಳಿದಿದ್ದರೆ ತೆಗೆದು 2011ರ ಒಂದು ರೂಪಾಯಿಯ ಮೇಲಿಟ್ಟು ನೋಡಿ: ಅದೇ 3.79 ಗ್ರಾಂ, ಸುಮಾರು ಅದೇ 22 ಮಿಲಿಮೀಟರ್ ಅಗಲ. ರೂಪಾಯಿ ಎಂಟಾಣೆಯ ಮೈಯೊಳಗೆ ಹೊಕ್ಕಿತ್ತು. ಖಡ್ಗಮೃಗದ ಚಿತ್ರವಿದ್ದ ನಾಲ್ಕಾಣೆ ನೆನಪಿದೆಯಲ್ಲ, ಅದರ ಅಗಲ 19 ಮಿಲಿಮೀಟರ್. ಇಂದಿನ ಒಂದು ರೂಪಾಯಿಯ ಅಗಲ 20. ಅಂದರೆ ರೂಪಾಯಿ ಈಗ ನಾಲ್ಕಾಣೆಯ ಆಕಾರಕ್ಕೆ ಬಂದು ನಿಂತಿದೆ. ಸರ್ಕಾರ ಯಾವ ಭಾಷಣದಲ್ಲೂ ಹೇಳದ ಮಾತನ್ನು ಟಂಕಸಾಲೆಯ ಅಚ್ಚು ಮೂವತ್ತು ವರ್ಷಗಳಿಂದ ಹೇಳುತ್ತಾ ಬಂದಿದೆ.

ಹಾಗೆ ನೋಡಿದರೆ ಸಣ್ಣ ನಾಣ್ಯವನ್ನು ಕೈಬಿಡುವುದು ನಮಗೆ ಹೊಸದೇನಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ 16 ಆಣೆಯ, 64 ಕಾಸಿನ, 192 ಪೈಯ ರೂಪಾಯಿ 100 ನಯಾಪೈಸೆಯದಾಯಿತು. ಆಣೆ ಹೋದರೂ ನಾಲ್ಕಾಣೆ, ಎಂಟಾಣೆ ಎಂಬ ಮಾತು ನಮ್ಮ ನಾಲಿಗೆಯಲ್ಲಿ ಉಳಿಯಿತು. ಒಂದು, ಎರಡು, ಮೂರು ಪೈಸೆಯ ಅಲ್ಯೂಮಿನಿಯಂ ಬಿಲ್ಲೆಗಳು ಒಂದೊಂದಾಗಿ ಮರೆಯಾದವು. 2010ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮುಖಬೆಲೆಯ ನಾಣ್ಯಗಳ ಚಲಾವಣೆಯನ್ನೇ ಸರ್ಕಾರ ರದ್ದು ಮಾಡಿತು. ಆರು ತಿಂಗಳ ಮುನ್ಸೂಚನೆ, ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು ಅವಕಾಶ, ಕೊನೆಯ ದಿನಾಂಕ, ಎಲ್ಲವೂ ಇದ್ದವು. ಆಮೇಲೆ ಬೆಲೆಗಳು ಸುಮ್ಮನಿರಲಿಲ್ಲ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಅಂದರೆ ಇಂದಿನ ಎಂಟಾಣೆಯ ಕೊಳ್ಳುವ ಶಕ್ತಿ ಅಂದಿನ ನಾಲ್ಕಾಣೆಯಷ್ಟು. ಯಾವ ಬೆಲೆಯ ನಾಣ್ಯವನ್ನು ಅಂದು ಇನ್ನು ಸಾಕು ಎಂದು ತೀರ್ಮಾನಿಸಿದೆವೋ ಅದೇ ಬೆಲೆಗೆ ಎಂಟಾಣೆ ಬಂದು ಮುಟ್ಟಿದೆ. 2019ರ ಮಾರ್ಚ್‌ನಲ್ಲಿ ಅಂಧರೂ ಗುರುತಿಸುವಂಥ ಹೊಸ ಸರಣಿ ಬಿಡುಗಡೆಯಾದಾಗ ಅದರಲ್ಲಿ 1, 2, 5, 10, 20 ರೂಪಾಯಿಯ ನಾಣ್ಯಗಳಿದ್ದವು, 50 ಪೈಸೆಗೆ ಜಾಗವಿರಲಿಲ್ಲ. ಆದರೂ 2011ರ ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಯವರೆಗಿನ ಪಾವತಿಗೆ ಎಂಟಾಣೆ ಇಂದಿಗೂ ಸಲ್ಲುತ್ತದೆ. ಇಪ್ಪತ್ತು ಎಂಟಾಣೆ ಎಣಿಸಿಟ್ಟು ಒಂದು ಲೋಟ ಚಹಾ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅದನ್ನು ತೆಗೆದುಕೊಳ್ಳುವ ಅಂಗಡಿ ಮಾತ್ರ ಸಿಗುವುದಿಲ್ಲ.

ಈಗ ಖರ್ಚಿನ ಮಾತಿಗೆ ಬರೋಣ. 2018ರಲ್ಲಿ ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರದ ಪ್ರಕಾರ ಒಂದು ರೂಪಾಯಿಯ ನಾಣ್ಯ ತಯಾರಿಸಲು 1 ರೂಪಾಯಿ 11 ಪೈಸೆ ತಗಲುತ್ತಿತ್ತು. ಎರಡು ರೂಪಾಯಿಯದಕ್ಕೆ 1.28, ಐದರದಕ್ಕೆ 3.69, ಹತ್ತರದಕ್ಕೆ 5.54 ರೂಪಾಯಿ. ಮೊದಲ ಅಂಕಿಯನ್ನಷ್ಟೇ ಎತ್ತಿ ಹಿಡಿದು ಒಂದು ರೂಪಾಯಿ ನಾಣ್ಯವನ್ನೇ ನಿಲ್ಲಿಸಿ ಎನ್ನುವವರಿದ್ದಾರೆ. ಇದು ತಪ್ಪು ಲೆಕ್ಕ. ನಾಣ್ಯ ಕಡಲೆಕಾಯಿಯಂತೆ ಒಮ್ಮೆ ಮಾರಿ ಮುಗಿಯುವ ಸರಕಲ್ಲ. ಅದು ಇಪ್ಪತ್ತು ಮೂವತ್ತು ವರ್ಷ ಕೈಯಿಂದ ಕೈಗೆ ಹೋಗುತ್ತದೆ. 1992ರ ಸ್ಟೀಲ್ ರೂಪಾಯಿ ಇಂದಿಗೂ ಸಂತೆಯಲ್ಲಿ ಕೈಗೆ ಬರುತ್ತದೆ. 1 ರೂಪಾಯಿ 11 ಪೈಸೆಯನ್ನು ಅಷ್ಟೂ ವ್ಯವಹಾರಗಳಿಗೆ ಹಂಚಿದರೆ ಒಂದೊಂದು ವ್ಯವಹಾರಕ್ಕೆ ಬೀಳುವ ಖರ್ಚು ಏನೂ ಅಲ್ಲ. ಐದು, ಹತ್ತರ ನಾಣ್ಯಗಳಲ್ಲಿ ಮುಖಬೆಲೆಗಿಂತ ಕಡಿಮೆ ಖರ್ಚಾಗುವುದರಿಂದ ಬರುವ ಉಳಿತಾಯವೂ ಇದೆ. ರಸ್ತೆ, ಸೇತುವೆಗಳಂತೆ ಚಿಲ್ಲರೆಯೂ ಸರ್ಕಾರ ಒದಗಿಸಬೇಕಾದ ಒಂದು ಸೌಕರ್ಯ. ಆದ್ದರಿಂದ ನಾಣ್ಯಕ್ಕೆ ಹಾಕಬೇಕಾದ ಒರೆಗಲ್ಲು ಬೇರೆ: ಟಂಕಸಾಲೆಯಿಂದ ಹೊರಟ ನಾಣ್ಯ ತಿರುಗಾಟದಲ್ಲಿ ಉಳಿಯುತ್ತದೆಯೇ? ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ತೆಗೆದುಕೊಂಡು ಮೂರನೆಯವರಿಗೆ ಕೊಡುತ್ತಾರೆಯೇ?

ಅಮೆರಿಕದ ಪೆನ್ನಿ ಸೋತದ್ದು ಈ ಒರೆಯಲ್ಲೇ. 2024ರ ಹಣಕಾಸು ವರ್ಷದಲ್ಲಿ ಒಂದು ಸೆಂಟಿನ ಆ ನಾಣ್ಯ ತಯಾರಿಸಲು 3.69 ಸೆಂಟ್ ತಗುಲಿತು ಎಂಬುದೇ ಸುದ್ದಿಯಾಯಿತು. ಆದರೆ ಅಸಲು ರೋಗ ಬೇರೆ. ಅಂಗಡಿ ಚಿಲ್ಲರೆಯಾಗಿ ಕೊಟ್ಟ ಪೆನ್ನಿ ಮನೆಯ ಗಾಜಿನ ಜಾಡಿಗೆ ಬೀಳುತ್ತಿತ್ತು, ಮತ್ತೆ ಅಂಗಡಿಗೆ ಬರುತ್ತಿರಲಿಲ್ಲ. ಹಾಗಾಗಿ ಟಂಕಸಾಲೆ ಪ್ರತಿವರ್ಷ ನೂರಾರು ಕೋಟಿ ಸಂಖ್ಯೆಯಲ್ಲಿ ಹೊಸ ಪೆನ್ನಿ ಸುರಿಯುತ್ತಲೇ ಇರಬೇಕಾಗಿತ್ತು. ಒಮ್ಮೆ ಮಾತ್ರ ಬಳಕೆಯಾಗುವ ನಾಣ್ಯ ನಾಣ್ಯವಲ್ಲ, ಲೋಹದ ರಸೀದಿ. ನಮ್ಮ ಎಂಟಾಣೆಯೂ ಆ ಸ್ಥಿತಿಗೆ ಬಂದಿದೆ. ಒಂದು ರೂಪಾಯಿ ಇನ್ನೂ ಬಂದಿಲ್ಲ. ಬಸ್ಸಿನಲ್ಲಿ, ಹೂವಿನ ಅಂಗಡಿಯಲ್ಲಿ, ದೇವಸ್ಥಾನದ ಬಾಗಿಲಲ್ಲಿ, ಸಂತೆಯಲ್ಲಿ ಅದನ್ನು ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ. ದೇಶದಲ್ಲಿ ಚಲಾವಣೆಯಲ್ಲಿರುವ ನಾಣ್ಯಗಳ ಸಂಖ್ಯೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು 1, 2 ಮತ್ತು 5 ರೂಪಾಯಿಯವೇ. ಹಾಗಾಗಿ ಗೆರೆ ಎಳೆಯಬೇಕಾದ್ದು ಎಂಟಾಣೆಯ ಮೇಲ್ಗಡೆ, ರೂಪಾಯಿಯ ಕೆಳಗಡೆ.

ನಿಲ್ಲಿಸುವ ಕ್ರಮ ಎಷ್ಟು ಮುಖ್ಯ ಎಂಬುದಕ್ಕೆ ಅಕ್ಕಪಕ್ಕದ ಎರಡು ದೇಶಗಳೇ ಸಾಕ್ಷಿ. ಕೆನಡಾ ತನ್ನ ಪೆನ್ನಿಯನ್ನು ನಿಲ್ಲಿಸುವ ನಿರ್ಧಾರವನ್ನು 2012ರ ಬಜೆಟ್ಟಿನಲ್ಲಿ ಪ್ರಕಟಿಸಿತು. ಅದೇ ಮೇ 4ರಂದು ವಿನಿಪೆಗ್ ನಗರದ ಟಂಕಸಾಲೆಯಲ್ಲಿ ಕೊನೆಯ ಪೆನ್ನಿ ಅಚ್ಚಾಯಿತು, 2013ರ ಫೆಬ್ರವರಿ 4ರಂದು ವಿತರಣೆ ನಿಂತಿತು. ನಡುವಿನ ಒಂಬತ್ತು ತಿಂಗಳು ಅಂಗಡಿಗಳಿಗೆ ಸಿದ್ಧವಾಗಲು ಸಿಕ್ಕಿತು. ಸರ್ಕಾರದ ಮಾರ್ಗಸೂಚಿಯೂ ಸರಳವಾಗಿತ್ತು: ನಗದು ಕೊಟ್ಟರೆ ಮಾತ್ರ, ಬಿಲ್ಲಿನ ಒಟ್ಟು ಮೊತ್ತವನ್ನು ಮಾತ್ರ, ಹತ್ತಿರದ ಐದು ಸೆಂಟಿಗೆ ಸರಿಹೊಂದಿಸಿ. ಕಾರ್ಡಿನಲ್ಲಿ ಕೊಟ್ಟರೆ ಒಂದು ಸೆಂಟೂ ಹೆಚ್ಚುಕಡಿಮೆ ಬೇಡ. ಅಮೆರಿಕ ಮಾಡಿದ್ದು ಇದಕ್ಕೆ ತಿರುಗುಮುರುಗು. 2025ರ ಫೆಬ್ರವರಿಯಲ್ಲಿ ಅಧ್ಯಕ್ಷರ ಸೂಚನೆ ಬಂತು, ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಗಾಗಿ ಕೊನೆಯ ಪೆನ್ನಿ ಅಚ್ಚಾಯಿತು. 1793ರಿಂದ ಬಂದ ನಾಣ್ಯದ ಕಥೆ ಮುಗಿಯಿತು, ಆದರೆ ಪೂರ್ಣಾಂಕ ಹೇಗೆ ಮಾಡಬೇಕೆಂಬ ದೇಶವ್ಯಾಪಿ ಕಾನೂನು ಬಂದಿರಲಿಲ್ಲ. ಕೆಲವು ಅಂಗಡಿಗಳು ತಾವೇ ನಷ್ಟ ಹೊತ್ತು ಮೊತ್ತವನ್ನು ಕೆಳಕ್ಕಿಳಿಸಿದವು. ಕೆಲವು ಸರಿಯಾದ ಚಿಲ್ಲರೆ ತನ್ನಿ ಎಂದು ಬೋರ್ಡು ಹಾಕಿದವು. ಬಡವರಿಗೆ ಸರ್ಕಾರ ಕೊಡುವ ಆಹಾರ ನೆರವಿನ ಕಾರ್ಡಿನಲ್ಲಿ ಪಾವತಿಸುವವರಿಗೂ ಇತರರಿಗೂ ಒಂದೇ ಬೆಲೆ ಇರಬೇಕೆಂಬ ನಿಯಮವಿರುವುದರಿಂದ, ನಗದು ಗ್ರಾಹಕರಿಗಷ್ಟೇ ಕಡಿಮೆ ಮಾಡಿದರೆ ಕಾನೂನು ಮುರಿದಂತಾಗುತ್ತದೆಯೇ ಎಂಬ ಭಯವೂ ವರ್ತಕರನ್ನು ಕಾಡಿತು. ನಾಣ್ಯ ನಿಲ್ಲಿಸಲು ಒಂದು ಆದೇಶ ಸಾಕು, ಅದರ ಜಾಗದಲ್ಲಿ ನಿಲ್ಲುವ ನಿಯಮಕ್ಕೆ ಶಾಸನ ಬೇಕು. ಬೆಲ್ಜಿಯಂ ಇದನ್ನು ಅರಿತು 2019ರ ಡಿಸೆಂಬರ್‌ನಿಂದ ನಗದು ಪಾವತಿಯ ಪೂರ್ಣಾಂಕವನ್ನು ಅಂಗಡಿಗಳಿಗೆ ಕಡ್ಡಾಯ ಮಾಡಿತು.

ನಿಯಮ ಬಂದರೂ ಅಂಗಡಿಯವರು ಅದನ್ನು ತಮಗೆ ಬೇಕಾದಂತೆ ಬಳಸಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಕೆನಡಾದ ದಿನಸಿ ಅಂಗಡಿಗಳ ಬೆಲೆಗಳನ್ನು ಪರಿಶೀಲಿಸಿದ 2017ರ ಒಂದು ಅಧ್ಯಯನ, ಪೂರ್ಣಾಂಕದಿಂದ ಅಂಗಡಿಗಳಿಗೆ ವರ್ಷಕ್ಕೆ ಸುಮಾರು 32.7 ಲಕ್ಷ ಡಾಲರ್ ಹೆಚ್ಚುವರಿಯಾಗಿ ಸಿಗುತ್ತಿದೆ ಎಂದು ಅಂದಾಜು ಮಾಡಿತು. ಕಾರಣ ಸರಳ: ಬಹುತೇಕ ಬೆಲೆಗಳು 99 ಸೆಂಟಿನಲ್ಲಿ ಕೊನೆಗೊಳ್ಳುತ್ತವೆ, ಹಾಗಾಗಿ ಒಂದೆರಡು ವಸ್ತು ಕೊಂಡವರ ಬಿಲ್ಲು ಮೇಲಕ್ಕೇ ವಾಲುತ್ತದೆ. ಇಡೀ ದೇಶದ ದಿನಸಿ ವ್ಯಾಪಾರದ ಎದುರು ಅದು ಅಲ್ಪ ಮೊತ್ತ. ಆದರೂ ಅದು ಒಂದೇ ಕಡೆಗೆ ವಾಲಿದ ಅಲ್ಪ ಎಂಬುದನ್ನು ನಾನು ಹಗುರಾಗಿ ಕಾಣುವುದಿಲ್ಲ, ನಮ್ಮಲ್ಲಂತೂ ಒಂದೊಂದೇ ವಸ್ತುವನ್ನು ದಿನದಿನ ಕೊಳ್ಳುವವರೇ ಹೆಚ್ಚು. ಕೂಲಿ ಮುಗಿಸಿ ಬಂದವರು ಕೊಳ್ಳುವುದು ಒಂದು ಹೊತ್ತಿನ ಸಾಮಾನು, ತಿಂಗಳ ಸಾಮಾನಲ್ಲ. ಅವರ ಬಿಲ್ಲಿನಲ್ಲಿ ಮೇಲೆ ಕೆಳಗೆ ಎರಡೂ ಸರಿತೂಗಲು ವಸ್ತುಗಳೇ ಇರುವುದಿಲ್ಲ. ಇದಕ್ಕೆ ಉತ್ತರ ನಿಯಮದೊಳಗೇ ಇದೆ. ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆ ಇದ್ದರೆ ಬಿಡಬೇಕು ಎನ್ನುತ್ತದೆ. ಅಂಗಡಿಯ ಬಿಲ್ಲಿಗೂ ಇದೇ ಮಾದರಿ ಸಾಕು, ಒಂದು ತಿದ್ದುಪಡಿಯೊಂದಿಗೆ: ಸರಿಯಾಗಿ 50 ಪೈಸೆ ಬಂದಾಗ ಅದು ಕೊಳ್ಳುವವರ ಪಾಲಾಗಲಿ. ನಮ್ಮಲ್ಲಿ ಪೈಸೆಯ ಬೆಲೆಗಳು ಹೆಚ್ಚಾಗಿ ಬಂದು ನಿಲ್ಲುವುದೇ ಆ ಅರ್ಧದಲ್ಲಿ. ಸೊಪ್ಪು ತರಕಾರಿ ಮಾರುವವರು ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುವ ಪದ್ಧತಿ ನಮ್ಮಲ್ಲಿ ಎಂದಿನಿಂದಲೂ ಇದೆ. ಅನುಮಾನದ ಪಾಲು ಗಿರಾಕಿಗೆ ಹೋಗಬೇಕು ಎಂಬ ಆ ತಿಳಿವಳಿಕೆಯನ್ನು ಕಾನೂನು ಒಪ್ಪಿಕೊಂಡರೆ ಯಾರಿಗೂ ಅಪರಿಚಿತ ಅನ್ನಿಸುವುದಿಲ್ಲ.

ಸಣ್ಣ ನಾಣ್ಯ ಹೋದರೆ ಬೆಲೆ ಏರುತ್ತದೆ ಎಂಬ ಭಯಕ್ಕೆ ಬೆಂಕಿಪೊಟ್ಟಣ ಒಳ್ಳೆಯ ಪರೀಕ್ಷೆ. ಶಿವಕಾಶಿ ಸುತ್ತಮುತ್ತಲಿನ ತಯಾರಕರು 2007ರಲ್ಲಿ ಅದರ ಬೆಲೆಯನ್ನು 50 ಪೈಸೆಯಿಂದ ಒಂದು ರೂಪಾಯಿಗೆ ಏರಿಸಿದರು. ಮುಂದೆ 14 ವರ್ಷ ಅದು ಅಲ್ಲೇ ನಿಂತಿತು. ಮೇಣ, ರಂಜಕ, ರಟ್ಟು, ಸಾಗಾಟ, ಎಲ್ಲದರ ದರ ಏರಿದರೂ ಬೆಲೆ ಏರಿಸಲಾಗಲಿಲ್ಲ. ಕೊನೆಗೆ 2021ರ ಡಿಸೆಂಬರ್ 1ರಿಂದ ಒಂದೇ ನೆಗೆತಕ್ಕೆ ಎರಡು ರೂಪಾಯಿ ಆಯಿತು, ಪೊಟ್ಟಣದೊಳಗಿನ ಕಡ್ಡಿಗಳನ್ನು 36ರಿಂದ 50ಕ್ಕೆ ಹೆಚ್ಚಿಸಿದರು. ನಡುವೆ ಒಂದೂವರೆ ರೂಪಾಯಿ ಎಂಬ ಮೆಟ್ಟಿಲು ಕಾಗದದ ಮೇಲೆ ಇತ್ತು, ಬಳಕೆಯಲ್ಲಿ ಇರಲಿಲ್ಲ. ಇದರಲ್ಲಿ ಕಲಿಯಬೇಕಾದ್ದು ಎರಡಿದೆ. ನಾಣ್ಯದ ಮೆಟ್ಟಿಲು ಎತ್ತರವಾದಷ್ಟೂ ಬೆಲೆ ನಿಧಾನವಾಗಿ ಹತ್ತುವ ಬದಲು ತಡೆದು ನಿಂತು ನೆಗೆಯುತ್ತದೆ ಎಂಬುದು ಒಂದು. ನೆಗೆದಾಗ ಎಚ್ಚರವಿದ್ದರೆ ಸರಕಿನ ಪ್ರಮಾಣದಲ್ಲಿ ಅದನ್ನು ಸರಿದೂಗಿಸಬಹುದು ಎಂಬುದು ಇನ್ನೊಂದು. ಆದರೆ ಎಂಟಾಣೆಯ ವಿಷಯದಲ್ಲಿ ಈ ನೆಗೆತ ಆಗಿಹೋಗಿದೆ. ಬೀದಿಯಲ್ಲಿ ಇಲ್ಲದ ನಾಣ್ಯವನ್ನು ಕಾಯ್ದೆಯಿಂದ ತೆಗೆದರೆ ಹೊಸದಾಗಿ ಏರಲು ಏನೂ ಉಳಿದಿಲ್ಲ. ಇದೇ ಉದಾಹರಣೆ ಒಂದು ರೂಪಾಯಿಯ ವಿಷಯದಲ್ಲಿ ಗಟ್ಟಿಯಾದ ಎಚ್ಚರಿಕೆಯೂ ಹೌದು. ಒಂದು ರೂಪಾಯಿಯನ್ನು ಈಗ ಕೈಬಿಟ್ಟರೆ ಎರಡಾದ ಮೇಲಿನ ಮೆಟ್ಟಿಲು ನಾಲ್ಕು, ಇಲ್ಲವೇ ಐದು. ಬೆಂಕಿಪೊಟ್ಟಣ, ಶಾಂಪೂ ಪ್ಯಾಕೆಟ್, ಮಕ್ಕಳ ಮಿಠಾಯಿ, ಬಿಡಿ ಬಾಳೆಹಣ್ಣು ಇಂಥವೆಲ್ಲ ಒಂದೊಂದು ರೂಪಾಯಿಯ ಅಂತರದಲ್ಲಿ ಬದುಕುವ ಸರಕುಗಳು. ಆ ಅಂತರ ಇನ್ನೂ ಕೆಲವು ವರ್ಷ ಉಳಿಯಬೇಕು.

ಉಳಿಯಬೇಕೆಂದರೆ ನಾಣ್ಯ ಕೈಗೆ ಸಿಗಬೇಕು. 2018ರ ಜನವರಿಯಲ್ಲಿ ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದ ನಾಲ್ಕೂ ಟಂಕಸಾಲೆಗಳು ಉಗ್ರಾಣ ತುಂಬಿ ತುಳುಕುತ್ತಿದೆ ಎಂದು ಕೆಲಸ ನಿಲ್ಲಿಸಿದ್ದವು. ಅದೇ ಹೊತ್ತಿನಲ್ಲಿ ಅಂಗಡಿಗಳಲ್ಲಿ ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡುತ್ತಿದ್ದರು, ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು. ನಾಣ್ಯಕ್ಕೆ ಬರವಿರಲಿಲ್ಲ, ಅದು ಬ್ಯಾಂಕಿನಿಂದ ಕೌಂಟರಿನಾಚೆ ಬರುತ್ತಿರಲಿಲ್ಲ. ನಾಣ್ಯದ ಚೀಲ ಹೊತ್ತು ಎಣಿಸುವ ತಾಪತ್ರಯ ಬ್ಯಾಂಕುಗಳಿಗೆ ಬೇಡವಾಗಿತ್ತು. 2021ರ ಸೆಪ್ಟೆಂಬರ್‌ನಿಂದ ರಿಸರ್ವ್ ಬ್ಯಾಂಕ್ ಚೀಲವೊಂದಕ್ಕೆ ಕೊಡುವ ಪ್ರೋತ್ಸಾಹಧನವನ್ನು 25 ರೂಪಾಯಿಯಿಂದ 65 ರೂಪಾಯಿಗೆ ಏರಿಸಿತು. 2023ರಲ್ಲಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಾಣ್ಯ ಪಡೆಯುವ ಯಂತ್ರಗಳನ್ನು 12 ನಗರಗಳಲ್ಲಿ ಪ್ರಯೋಗಕ್ಕಿಡುವುದಾಗಿ ಪ್ರಕಟಿಸಿತು. ಸರಿಯಾದ ದಿಕ್ಕಿನ ಹೆಜ್ಜೆಗಳಿವು. ಆದರೆ ಆ ಯಂತ್ರ ಬೇಕಾಗಿರುವುದು ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ, ಸಂತೆಮಾಳದಲ್ಲಿ.

ಎಲ್ಲರೂ ಮೊಬೈಲಿನಲ್ಲೇ ಹಣ ಕೊಡುವಾಗ ಈ ಚರ್ಚೆಯೇ ಯಾಕೆ ಎನ್ನುವವರಿಗೆ ಒಂದು ಮಾತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವ್ಯವಹಾರಗಳು 2000 ಕೋಟಿ ದಾಟಿದವು, ಅದು ನಿಜ. ಚರ್ಚೆ ಬೇಕಾಗಿರುವುದು ಅದಕ್ಕೇ. ಮೊಬೈಲಿನಲ್ಲಿ ಪೈಸೆ ಬದುಕಿದೆ, ಕೈಯಲ್ಲಿ ಸತ್ತಿದೆ. ಒಂದೇ ಅಂಗಡಿಯಲ್ಲಿ ಒಂದೇ ಪೊಟ್ಟಣಕ್ಕೆ ಎರಡು ಬೆಲೆ ಹುಟ್ಟಿಕೊಂಡಿದೆ, ಹೆಚ್ಚಿನ ಬೆಲೆ ಕೊಡುವವರು ಮೊಬೈಲು ಇಲ್ಲದವರು, ಕಣ್ಣು ಮಂಜಾದವರು, ದಿನಗೂಲಿ ನಗದಾಗಿ ಪಡೆಯುವವರು. ಇನ್ನು ಭಾವನೆಯ ಮಾತು. ಮುಯ್ಯಿ ಕವರಿನ ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ, ತಾಂಬೂಲದ ಮೇಲಿನ ಬಿಲ್ಲೆ, ಹುಂಡಿಯ ಸದ್ದು, ಇವು ನಮ್ಮ ಬದುಕಿನ ಭಾಗ. ಆದರೆ ಅವೆಲ್ಲ ನಿಂತಿರುವುದು ರೂಪಾಯಿಯ ಮೇಲೆ, ಎಂಟಾಣೆಯ ಮೇಲಲ್ಲ. ನಾಣ್ಯಕ್ಕೆ ಗೌರವದ ಕೊನೆ ಕೊಡುವ ದಾರಿಗಳೂ ಇವೆ. ಆಸ್ಟ್ರೇಲಿಯಾ ಹಿಂಪಡೆದ ತನ್ನ ಒಂದು, ಎರಡು ಸೆಂಟಿನ ನಾಣ್ಯಗಳನ್ನು ಕರಗಿಸಿ 2000ದ ಸಿಡ್ನಿ ಒಲಿಂಪಿಕ್ಸ್‌ನ ಕಂಚಿನ ಪದಕಗಳಿಗೆ ಬಳಸಿತು.

ಸರ್ಕಾರ ಹೇಳದೆ ಬಿಟ್ಟ ಮಾತನ್ನು ವದಂತಿ ಹೇಳುತ್ತದೆ ಎಂಬುದನ್ನು ಹತ್ತು ರೂಪಾಯಿಯ ನಾಣ್ಯ ನಮಗೆ ತೋರಿಸಿಕೊಟ್ಟಿದೆ. ಅದು ನಕಲಿ, ನಡೆಯುವುದಿಲ್ಲ ಎಂಬ ಗಾಳಿಮಾತು ಹಬ್ಬಿ ಊರೂರಿನಲ್ಲಿ ನಿರಾಕರಿಸಿದಾಗ, 14 ವಿನ್ಯಾಸಗಳೂ ಸಲ್ಲುತ್ತವೆ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬಿಡಿಸಿ ಹೇಳಬೇಕಾಯಿತು. ಎಂಟಾಣೆಗೆ ಅಂಥ ಅವಸ್ಥೆಯನ್ನು ಮುಂದುವರಿಸಬೇಕಾಗಿಲ್ಲ. ಒಂದು ಅಧಿಸೂಚನೆ, ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು ಒಂದು ವರ್ಷ, ಅದರ ಜೊತೆಗೇ ನಾಣ್ಯ ಕಾಯ್ದೆಗೆ ಒಂದು ತಿದ್ದುಪಡಿ. ಅದರ ಸಾರವನ್ನು ಪ್ರತಿ ಅಂಗಡಿಯೂ ಗಲ್ಲಾದ ಪಕ್ಕದಲ್ಲಿ ಕನ್ನಡದಲ್ಲಿ, ಕಾಣುವಷ್ಟು ದಪ್ಪ ಅಕ್ಷರದಲ್ಲಿ ಅಂಟಿಸಬೇಕು: ನಗದು ಕೊಡುವವರಿಗೆ, ಬಿಲ್ಲಿನ ಒಟ್ಟು ಮೊತ್ತದಲ್ಲಿ 50 ಪೈಸೆಯವರೆಗೆ ಇದ್ದರೆ ಬಿಡಲಾಗುವುದು, 51ರಿಂದ ಮೇಲಿದ್ದರೆ ಮುಂದಿನ ರೂಪಾಯಿ. ಹೀಗಾದರೆ 4 ರೂಪಾಯಿ 45 ಪೈಸೆಯ ಬಿಸ್ಕತ್ ಪೊಟ್ಟಣಕ್ಕೆ ಐದರ ನಾಣ್ಯ ಕೊಟ್ಟ ಅಜ್ಜಿ ಒಂದು ರೂಪಾಯಿ ವಾಪಸ್ ಕೇಳಿ ಪಡೆಯಬಹುದು.